ಜೇವರ್ಗಿಯ ಕಲ್ಲುಗೋರಿ, ಈಜಿಪ್ಟಿನ ಮಡಕೆ ಮತ್ತು ನಮ್ಮ ಕಾಕಾನ ಬಾವಿ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸಿನಲ್ಲಿ ಒಂದು ರಿಲೀಸ್ ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು. ನೆಪ ಅಂತ ನಿಮಗೂ ಗೊತ್ತು, ನನಗೂ ಗೊತ್ತು :) ಬರೆಯೋಕೆ ವಿಷಯ ಮಾತ್ರ ಕೈಯಲ್ಲೇ ಇತ್ತು. ಎಳ್ಳಮಾಸಿಗೆ ಊರಿಗೆ ಹೋಗಿ ಬಂದಾಗಿನಿಂದ ತಲೆ ತಿಂತಾ ಇದೆ.

ನಮ್ಮೂರು ಕೊಳಕೂರ, ಜೇವರ್ಗಿ ತಾಲೂಕು. ಎಳ್ಳಮಾಸಿ ಅಂದ್ರೆ ನಮ್ಮ ಕಡೆ ಎಷ್ಟು ದೊಡ್ಡ ಹಬ್ಬ ಅಂತ ದಕ್ಷಿಣದ ಗೆಳೆಯರಿಗೆ ಹೇಳಿ ಹೇಳಿ ಸಾಕಾಗಿದೆ. ಇಡೀ ಮನೆ ಹೊಲಕ್ಕೆ ಹೋಗುತ್ತೆ. ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಎಲ್ಲ ಕಟ್ಟಿಕೊಂಡು. ಮೊದಲು ಭೂಮಿತಾಯಿಗೆ ಚರಗ ಚೆಲ್ಲಬೇಕು, ಆಮೇಲೇ ನಮ್ಮ ಊಟ. ನಾನು ಚಿಕ್ಕವನಿದ್ದಾಗ ಚರಗ ಚೆಲ್ಲುತ್ತಾ ಹೊಲ ಸುತ್ತುವಾಗ ಪಡುವಣ ಒಡ್ಡಿನ ಹತ್ತಿರ ಒಂದು ಜಾಗದಲ್ಲಿ ಎಲ್ಲರೂ ಸುತ್ತು ಹಾಕಿ ಹೋಗುತ್ತಿದ್ದೆವು. ಅಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳು ಉಂಗುರದ ಹಾಗೆ ಕೂತಿದ್ದವು. ನಡುವೆ ಸಣ್ಣ ಕಲ್ಲುಗಳ ದಿಬ್ಬ. ಎರೆಭೂಮಿಯಲ್ಲಿ ಅಷ್ಟು ದೊಡ್ಡ ಕಲ್ಲು ಎಲ್ಲಿಂದ ಬಂತು ಅಂತ ಕೇಳುವ ವಯಸ್ಸು ನನ್ನದಲ್ಲ. ಅಜ್ಜ ಅಲ್ಲಿ ಕುಂಟಿ ಹೊಡೆಯುತ್ತಿರಲಿಲ್ಲ, ಅಷ್ಟೇ ನೆನಪು.

ಈ ಸಲ ಹೋದರೆ ಆ ಜಾಗದಲ್ಲಿ ತೊಗರಿ ನಿಂತಿದೆ. ಕಾಕಾನನ್ನು ಕೇಳಿದೆ.

"ಆ ಕಲ್ಲೆಲ್ಲಾ ಎಲ್ಲಿ ಹೋದ್ವು ಕಾಕಾ?"

"ಅವಾ? ಜೇಸಿಬಿ ತರ್ಸಿ ಕಿತ್ತಿಸೀನಿ. ಛಲೋವು ಬಾವಿ ಕಟ್ಟಿಗಿ ಹಾಕೀವಿ, ಉಳಿದುದ್ದು ರೋಡಿನವ್ರು ಒಯ್ದ್ರು. ಯಾಕ, ನಿನಗ ಏನ್ ಮಾಡಾದದ ಕಲ್ಲ ತಗೊಂಡು?"

"ತಳದಾಗ ಏನರೆ ಸಿಕ್ತೇನ್ರಿ?"

"ಕರೀ ಗಡಿಗಿ ಚೂರು. ಒಳಗ ಕರೀದು, ಹೊರಗ ಅರ್ಧ ಕೆಂಪು. ಹಳೇ ಗಡಿಗಿ. ರೊಕ್ಕ ಗಿಕ್ಕ ಏನೂ ಇರ್ಲಿಲ್ಲ ಮಾರಾಯಾ."

ಕರೀ-ಕೆಂಪು ಗಡಿಗೆ. ಕಾಕಾ ಭಜ್ಜಿ ಬಡಿಸಿಕೊಳ್ಳುತ್ತಾ ಹೇಳಿದ ಈ ಮಾತಿನ ಮೇಲೆ ನನಗೆ ಊಟ ಸರಿಯಾಗಿ ಸೇರಲಿಲ್ಲ. ಯಾಕೆ ಅಂತ ಹೇಳೋಕೇ ಈ ಉದ್ದ ಪೋಸ್ಟ್.

ಕೆಲವು ವರ್ಷದ ಹಿಂದೆ ಈಜಿಪ್ಟಿನ ಪುರಾತನ ಗೋರಿಗಳ ಹುಚ್ಚು ಹಿಡಿದಿತ್ತು ನನಗೆ. ಎಲ್ಲರಿಗೂ ಒಂದು ಕಾಲಕ್ಕೆ ಹಿಡಿಯುತ್ತೆ ಅನ್ಸುತ್ತೆ. ಟುಟಾಂಖಾಮುನ್, ಹೊವಾರ್ಡ್ ಕಾರ್ಟರ್, 1922, ಬಂಗಾರದ ಮುಖವಾಡ. ಓದುತ್ತಾ ಓದುತ್ತಾ ಹಿಂದಕ್ಕೆ ಹೋದರೆ ಅಲ್ಲಿಯ ಅಗೆತದ ಕಥೆ ಅಷ್ಟೇನೂ ಚಂದ ಇಲ್ಲ. 1817ರಲ್ಲಿ ಮೊದಲನೇ ಸೇತಿಯ ಗೋರಿ ಹುಡುಕಿದ ಬೆಲ್ಝೋನಿ ಅನ್ನುವಾತ ಮೂಲದಲ್ಲಿ ಸರ್ಕಸ್ಸಿನಲ್ಲಿ ಭಾರ ಎತ್ತುತ್ತಿದ್ದವನು. ಮಮ್ಮಿಗಳ ಗವಿಯೊಳಗೆ ನುಗ್ಗುವಾಗ ಕಾಲಿಟ್ಟಲ್ಲೆಲ್ಲ ಒಂದಲ್ಲ ಒಂದು ಹೆಣ ಪುಡಿಯಾಗುತ್ತಿತ್ತು ಅಂತ ತಾನೇ ಬರೆದುಕೊಂಡಿದ್ದಾನೆ. 1851ರ ಸುಮಾರಿಗೆ ಸಕ್ಕಾರಾದಲ್ಲಿ ಪವಿತ್ರ ಹೋರಿಗಳ ಗೋರಿ ತೆರೆದ ಮರಿಯೆಟ್ ದೊಡ್ಡ ವಿದ್ವಾಂಸನೇ, ಆದರೆ ಅವನೂ ಮದ್ದು ಇಟ್ಟು ಸಿಡಿಸಿದ್ದುಂಟು.

ಆ 1851 ನೆನಪಿಟ್ಟುಕೊಳ್ಳಿ. ಯಾಕಂದ್ರೆ ಅದೇ ಹೊತ್ತಿಗೆ ನಮ್ಮ ಜೇವರ್ಗಿಯಲ್ಲೂ ಒಬ್ಬ ಗೋರಿ ಅಗೆಯುತ್ತಿದ್ದ.

ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಕಡೆಯವರಿಗೆ ಹೆಸರು ಹೇಳಿದರೆ ಸಾಕು, ಗುಡ್ಡದ ಮೇಲಿನ ಟೇಲರ್ ಮಂಜಿಲ್ ತೋರಿಸುತ್ತಾರೆ. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿನೈದನೇ ವಯಸ್ಸಿಗೆ ಮುಂಬೈಗೆ ಬಂದು, ನಿಜಾಮನ ಸೈನ್ಯಕ್ಕೆ ಸೇರಿದವನು. ಥಗ್ಗರ ಬಗ್ಗೆ 1839ರಲ್ಲಿ ಬರೆದ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾದ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಉಸ್ತುವಾರಿ. ಬಾಲಕ ರಾಜ ವೆಂಕಟಪ್ಪ ನಾಯಕ ಇವನನ್ನು 'ಅಪ್ಪಾ' ಅಂತಲೇ ಕರೆಯುತ್ತಿದ್ದ. (1858ರ ಬಂಡಾಯ, ಆ ರಾಜನ ಸಾವು... ಅದೇ ಇನ್ನೊಂದು ಪೋಸ್ಟು, ಇವತ್ತು ಬೇಡ.)

ಈ ಟೇಲರ್ ಸುರಪುರದ ಸೀಮೆ ತಿರುಗುವಾಗ ರಾಜನಕೋಳೂರಿನಲ್ಲಿ ಚಪ್ಪಡಿ ಕಲ್ಲಿನ ಮನೆಗಳನ್ನು ನೋಡಿದ. ವಿಭೂತಿಹಳ್ಳಿಯಲ್ಲಿ ಸಾಲಾಗಿ ಇಟ್ಟ ಗುಂಡುಗಳನ್ನು ನೋಡಿದ. ಭೀಮಾ ನದಿ ಕಡೆ ಬಂದಾಗ ಜೇವರ್ಗಿಯ ಹತ್ತಿರ ಕಲ್ಲಿನ ಉಂಗುರಗಳು, ನಡುವೆ ಕಲ್ಲಿನ ಗುಪ್ಪೆ. ನೋಡಿ ಸುಮ್ಮನಾಗಲಿಲ್ಲ, ಅಗೆಸಿದ. ಆ ವರದಿ ಮುಂಬೈನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ತಲೆಬರಹದಲ್ಲೇ ಜೇವರ್ಗಿ, ಫಿರೋಜಾಬಾದ್, ಭೀಮಾ ಮೂರೂ ಹೆಸರಿವೆ. ಕಟ್ಟಿಸಂಗಾವಿ ಸೇತುವೆ ಮೇಲೆ ನೂರು ಸಲ ಬಸ್ಸಿನಲ್ಲಿ ದಾಟಿದ್ದೀನಿ. ಒಂದು ಕಡೆ ಫಿರೋಜ್ ಶಾ ಬಹಮನಿಯ ಪಾಳು ಊರು ಇದೆ ಅಂತ ಗೊತ್ತಿತ್ತು. ಇನ್ನೊಂದು ಕಡೆ ಅದಕ್ಕಿಂತ ಎರಡು ಸಾವಿರ ವರ್ಷ ಹಳೆಯ ಸ್ಮಶಾನ ಇದೆ ಅಂತ ಯಾವ ಮಾಸ್ತರೂ ಹೇಳಿರಲಿಲ್ಲ.

ಅವನಿಗೆ ಸಿಕ್ಕಿದ್ದೇನು? ಬಂಗಾರ ಅಲ್ಲ. ಮಣ್ಣು, ಮಡಕೆ, ಕಬ್ಬಿಣ, ಎಲುಬು. ಹೊಳಪಿನ ಕಪ್ಪು-ಕೆಂಪು ಮಡಕೆಗಳು. ಕೆಲವು ಅಸ್ಥಿಪಂಜರ ಬೋರಲಾಗಿದ್ದವು, ಕೆಲವಕ್ಕೆ ತಲೆಬುರುಡೆ ದೇಹದಿಂದ ಬೇರೆಯಾಗಿ ಬಿದ್ದಿತ್ತು. ನರಬಲಿ ಕೊಟ್ಟಿದ್ದಾರೆ ಅಂತ ಅವನು ತೀರ್ಮಾನಿಸಿದ. ನನಗೆ ಇದು ಅವಸರ ಅನ್ಸುತ್ತೆ. ಸತ್ತವರನ್ನು ಮೊದಲು ಬಯಲಲ್ಲಿಟ್ಟು, ಆಮೇಲೆ ಎಲುಬುಗಳನ್ನು ಆಯ್ದು ತಂದು ಗೋರಿಗೆ ಹಾಕುವ ಪದ್ಧತಿ ದಕ್ಷಿಣದಲ್ಲಿ ಬೇಕಾದಷ್ಟು ಕಡೆ ಇತ್ತು ಅಂತ ಆಮೇಲೆ ಗೊತ್ತಾಗಿದೆ. ಹಾಗೆ ತಂದು ಹಾಕಿದರೆ ತಲೆ ಒಂದು ಕಡೆ ಮೈ ಒಂದು ಕಡೆ ಆಗೋದು ಸಹಜ. ಟೇಲರ್ ಆದರೋ ಥಗ್ಗರ ಕಾದಂಬರಿ ಬರೆದ ಕೈ!

ಆದರೆ ಒಂದು ವಿಷಯದಲ್ಲಿ ಅವನಿಗೆ ಸಲಾಂ ಹೊಡೆಯಲೇಬೇಕು. ಗೋರಿಯನ್ನು ಸೀಳಿದಾಗ ಮಣ್ಣಿನ ಪದರ ಹೇಗೆ ಹೇಗೆ ಇದೆ, ಯಾವ ಪದರದಲ್ಲಿ ಏನು ಕೂತಿದೆ ಅಂತ ಅಡ್ಡಸೀಳಿನ ಚಿತ್ರ ಬರೆದಿಟ್ಟ. ಮೇಲಿನ ಕಲ್ಲು, ಕೆಳಗಿನ ಮಣ್ಣು, ಅದರ ಕೆಳಗೆ ಎಲುಬು, ಮಡಕೆ, ಎಲ್ಲವೂ ಅದರದರ ಜಾಗದಲ್ಲಿ. ಪುರಾತತ್ವಕ್ಕೆ ತರಬೇತಿ ಅಂತ ಇರದ ಕಾಲ ಅದು. ನೂರು ವರ್ಷದ ನಂತರ, 1954ರಲ್ಲಿ, ಮಾರ್ಟಿಮರ್ ವೀಲರ್ ತನ್ನ ಅಗೆತದ ಪಾಠಪುಸ್ತಕದಲ್ಲಿ ಟೇಲರ್‌ನ ಈ ಕೆಲಸವನ್ನು ಎತ್ತಿ ಹೊಗಳಿದ. ನೈಲ್ ತೀರದಲ್ಲಿ ಮದ್ದು ಇಟ್ಟು ಸಿಡಿಸುತ್ತಿದ್ದಾಗ ಭೀಮಾ ತೀರದಲ್ಲಿ ಒಬ್ಬ ಪದರ ಎಣಿಸುತ್ತಿದ್ದ! ಇದನ್ನು ಓದಿದ ರಾತ್ರಿ ನಾನು ರೂಮ್‌ಮೇಟನ್ನು ಎಬ್ಬಿಸಿ ಹೇಳಿದ್ದೆ. ಅವನು ಮಂಡ್ಯದವನು, "ಮಲಗಮ್ಮಾ" ಅಂದ.

ಈಗ ಮಡಕೆ ಚೂರಿಗೆ ಬರ್ತೀನಿ. ಕಾಕಾನ "ಹಳೇ ಗಡಿಗಿ" ಯಾಕೆ ನನ್ನ ಹೊಟ್ಟೆ ಉರಿಸಿತು ಅನ್ನೋದಕ್ಕೆ ಮತ್ತೆ ಈಜಿಪ್ಟಿಗೆ ಹೋಗಬೇಕು.

ಫ್ಲಿಂಡರ್ಸ್ ಪೆಟ್ರಿ ಅಂತ ಒಬ್ಬ ಇದ್ದ. 1880ರಲ್ಲಿ ಪಿರಮಿಡ್ ಅಳೆಯೋಕೆ ಅಂತ ಈಜಿಪ್ಟಿಗೆ ಹೋದವನು ಅಲ್ಲೇ ಅಗೆಯುತ್ತಾ ಉಳಿದ. 1894-95ರ ಚಳಿಗಾಲದಲ್ಲಿ ನಕಾದಾ ಅನ್ನುವ ಕಡೆ ಎರಡು ಸಾವಿರಕ್ಕೂ ಹೆಚ್ಚು ಗೋರಿ ತೆಗೆದ. ರಾಜರ ಗೋರಿ ಅಲ್ಲ. ಮರಳಿನಲ್ಲಿ ತೋಡಿದ ಗುಂಡಿ, ಮೊಣಕಾಲು ಮಡಚಿ ಮಲಗಿಸಿದ ದೇಹ, ಸುತ್ತ ಮಡಕೆ. ಬರಹ ಒಂದಕ್ಷರ ಇಲ್ಲ. ರಾಜನ ಹೆಸರಿಲ್ಲ, ವರ್ಷ ಇಲ್ಲ. ರೇಡಿಯೊಕಾರ್ಬನ್ ಬರೋಕೆ ಇನ್ನೂ ಐವತ್ತು ವರ್ಷ ಬೇಕು. ಯಾವ ಗೋರಿ ಮೊದಲು, ಯಾವುದು ಆಮೇಲೆ ಅಂತ ಹೇಗೆ ಹೇಳೋದು?

ಪೆಟ್ರಿ ಮಾಡಿದ್ದು ನೋಡಿ. ಪ್ರತಿ ಗೋರಿಗೂ ಒಂದು ಚೀಟಿ. ಆ ಗೋರಿಯಲ್ಲಿ ಯಾವ ಯಾವ ನಮೂನೆಯ ಮಡಕೆ ಇದೆ ಅಂತ ಚೀಟಿಯ ಮೇಲೆ ಬರೆದ. ಒಟ್ಟು ಒಂಬೈನೂರು ಚೀಟಿ. ಆಮೇಲೆ ಅವನ್ನು ಮೇಲೆ ಕೆಳಗೆ ಸರಿಸುತ್ತಾ ಹೋದ. ಒಂದೇ ನಮೂನೆಯ ಮಡಕೆಗಳು ಆದಷ್ಟು ಅಕ್ಕಪಕ್ಕ ಬರೋ ಹಾಗೆ, ಒಂದು ನಮೂನೆ ಹುಟ್ಟಿ, ಹೆಚ್ಚಾಗಿ, ಕಡಿಮೆಯಾಗಿ, ಮಾಯ ಆಗೋ ಹಾಗೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಸೊನ್ನೆ-ಒಂದುಗಳ ಮ್ಯಾಟ್ರಿಕ್ಸ್ ತಗೊಂಡು, ಪ್ರತಿ ಕಾಲಮ್ಮಿನ ಒಂದುಗಳೆಲ್ಲ ಒಟ್ಟಿಗೆ ಬರೋ ತನಕ ಸಾಲುಗಳನ್ನು ಅದಲು ಬದಲು ಮಾಡೋದು. ಕಂಪ್ಯೂಟರ್ ಇಲ್ಲದೆ. ಕಾಗದದ ಚೀಟಿಯಲ್ಲಿ. 1899ರಲ್ಲಿ ಇದನ್ನು ಪ್ರಕಟಿಸಿದ. 1963ರಲ್ಲಿ ಡೇವಿಡ್ ಕೆಂಡಾಲ್ ಅನ್ನುವ ಸಂಖ್ಯಾಶಾಸ್ತ್ರಜ್ಞ ಇದರ ಹಿಂದಿನ ಗಣಿತದ ಮೇಲೆ ಪ್ರಬಂಧವನ್ನೇ ಬರೆದ.

ಮ್ಯಾಟ್ರಿಕ್ಸ್ ಅಂದ ಕೂಡಲೇ ಪುಟ ಮುಚ್ಚಬೇಡಿ, ಟ್ರಂಕಿನ ಉದಾಹರಣೆ ಕೊಡ್ತೀನಿ. ಅಟ್ಟದ ಮೇಲೆ ಮೂರು ಟ್ರಂಕ್ ಇವೆ ಅಂದ್ಕೊಳ್ಳಿ. ಒಂದರಲ್ಲಿ ಮರ್ಫಿ ರೇಡಿಯೋ ಮತ್ತು ಟೇಪ್‌ರೆಕಾರ್ಡರ್. ಇನ್ನೊಂದರಲ್ಲಿ ಟೇಪ್‌ರೆಕಾರ್ಡರ್ ಮತ್ತು ನೋಕಿಯಾ 1100. ಮೂರನೆಯದರಲ್ಲಿ ನೋಕಿಯಾ 1100 ಮತ್ತು ಸ್ಮಾರ್ಟ್‌ಫೋನ್. ಯಾವುದರ ಮೇಲೂ ತಾರೀಖು ಇಲ್ಲ. ಆದರೂ ಸಾಲು ಗೊತ್ತಾಯ್ತಲ್ಲ? ಯಾವ ತುದಿ ಹಳೆಯದು ಅನ್ನೋದಕ್ಕೆ ಮಾತ್ರ ಬೇರೆ ಸುಳಿವು ಬೇಕು. ಪೆಟ್ರಿಗೆ ಆ ಸುಳಿವು ಕೊಟ್ಟಿದ್ದು ಒಂದು ಜಾತಿಯ ಹೂಜಿ. ಅದರ ಎರಡು ಪಕ್ಕದಲ್ಲಿ ಅಲೆ ಅಲೆಯಾದ ಹಿಡಿಕೆ, ನಿಜವಾಗಿ ಹಿಡಿದು ಎತ್ತೋಕೆ ಬರುವಂಥದ್ದು. ಕಾಲ ಹೋದ ಹಾಗೆ ಹೂಜಿ ಸಪೂರ ಆಗುತ್ತಾ ಬಂತು, ಹಿಡಿಕೆ ಸವೆದು ಬರೀ ಅಲಂಕಾರ ಆಯ್ತು, ಕೊನೆಗೆ ಒಂದು ಗೆರೆಯಾಗಿ ಉಳಿಯಿತು. ಗೆರೆ ಬೆಳೆದು ಹಿಡಿಕೆ ಆಗೋಕಿಂತ ಹಿಡಿಕೆ ಸವೆದು ಗೆರೆ ಆಗೋದೇ ಸರಿ ಅಂತ ಅವನ ತರ್ಕ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗೋಕೆ ಮನಸ್ಸು ಬರ್ತಿಲ್ಲ. ಅವನು ಈ ಸಾಲಿಗೆ ನಂಬರ್ ಕೊಡುವಾಗ 1ರಿಂದ ಶುರು ಮಾಡಲಿಲ್ಲ. 30ರಿಂದ 80ರವರೆಗೆ ಕೊಟ್ಟ. ಮುಂದೆ ಯಾರಿಗಾದ್ರೂ ಇದಕ್ಕಿಂತ ಹಳೆಯದು ಸಿಕ್ಕರೆ ಜಾಗ ಇರಲಿ ಅಂತ! ಬೇಸಿಕ್ ಪ್ರೋಗ್ರಾಂ ಬರೆದವರಿಗೆ ನೆನಪಿರಬಹುದು, 10, 20, 30 ಅಂತ ಲೈನ್ ನಂಬರ್ ಹಾಕುತ್ತಿದ್ದೆವಲ್ಲ, ನಡುವೆ ತುರುಕೋಕೆ. 1920ರ ದಶಕದಲ್ಲಿ ಗೈ ಬ್ರಂಟನ್ ಬದಾರಿ ಎನ್ನುವಲ್ಲಿ ಅಗೆದಾಗ ನಿಜವಾಗಿಯೂ ಇನ್ನೂ ಹಳೆಯ ಗೋರಿಗಳು ಸಿಕ್ಕವು, 30ರ ಹಿಂದೆ ಕೂತವು.

ಈಗ ಹೇಳಿ, ನಡುವಿನ ಟ್ರಂಕನ್ನೇ ಯಾರಾದರೂ ಗುಜರಿಗೆ ಹಾಕಿದರೆ? ರೇಡಿಯೋ ಇರುವ ಟ್ರಂಕಿಗೂ ಸ್ಮಾರ್ಟ್‌ಫೋನ್ ಇರುವ ಟ್ರಂಕಿಗೂ ಸಂಬಂಧವೇ ಸಿಗಲ್ಲ. ಒಂದು ಚೀಟಿ ಹೋದರೆ ಒಂದೇ ಗೋರಿ ಹೋಗೋದಿಲ್ಲ, ಅದು ಜೋಡಿಸುತ್ತಿದ್ದ ಎರಡು ತುದಿಯೂ ಹೋಗುತ್ತವೆ. ಮಡಕೆ ಚೂರು ಒಂದೊಂದಾಗಿ ಸಿಕ್ಕರೂ ಪ್ರಯೋಜನ ಕಡಿಮೆ. ಯಾವುದರ ಜೊತೆ ಯಾವುದು ಇತ್ತು ಅನ್ನೋದೇ ಮಾಹಿತಿ. ನಮ್ಮ ಹೊಲದಲ್ಲಿ ಜೇಸಿಬಿ ಕಲಸಿಹಾಕಿದ್ದು ಅದನ್ನೇ.

ನಮ್ಮ ನಾಡಿನ ಈ ಕಲ್ಲುಗೋರಿಗಳ ಕಾಲದ ಕಥೆಯೂ ಹೀಗೇ ಒಂದೊಂದು ಕೊಂಡಿ ಹಿಡಿದು ಬಂದದ್ದು. 1947ರಲ್ಲಿ ಅದೇ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದ. ಊರಿನ ಪದರಗಳನ್ನೂ ಪಕ್ಕದ ಗೋರಿಗಳನ್ನೂ ಒಟ್ಟಿಗೆ ಅಗೆದು, ಎರಡರಲ್ಲೂ ಸಿಕ್ಕ ಮಡಕೆ ಹೋಲಿಸಿದ. ಗ್ರಾನೈಟ್ ಚಪ್ಪಡಿಗಳನ್ನು ಸ್ವಸ್ತಿಕದ ಹಾಗೆ ಒಂದಕ್ಕೊಂದು ಆನಿಸಿ ಕಟ್ಟಿದ ಪೆಟ್ಟಿಗೆ, ಸಾಮಾನ್ಯವಾಗಿ ಮೂಡಣ ಚಪ್ಪಡಿಯಲ್ಲಿ ಒಂದು ದುಂಡು ತೂತು. ತೂತು ಯಾಕೆ ಅಂತ ಯೋಚಿಸುವಾಗೆಲ್ಲ ನನಗೆ ಈಜಿಪ್ಟಿನ ಗೋರಿಗಳ ಸುಳ್ಳುಬಾಗಿಲು ನೆನಪಾಗುತ್ತೆ. ಗೋಡೆ ಮೇಲೆ ಬಾಗಿಲಿನ ಆಕಾರ ಕೆತ್ತಿರುತ್ತಾರೆ, ತೆರೆಯೋದಿಲ್ಲ, ಸತ್ತವನ ಚೇತನ ಅಲ್ಲಿಂದ ಬಂದು ಎಡೆ ಉಣ್ಣಬೇಕು. ಎರಡಕ್ಕೂ ನಂಟು ಇದೆ ಅಂತ ಖಂಡಿತ ಹೇಳ್ತಿಲ್ಲ, ದಯವಿಟ್ಟು ಆ ಥಿಯರಿ ಫಾರ್ವರ್ಡ್ ಮಾಡಬೇಡಿ :) ಸತ್ತವರಿಗೂ ಒಂದು ಬಾಗಿಲು ಬೇಕು ಅನ್ನೋ ಯೋಚನೆ ಮನುಷ್ಯರಿಗೆ ಎಲ್ಲಿ ಬೇಕಾದರೂ ಬರಬಹುದು.

ವೀಲರ್ ಲೆಕ್ಕದಲ್ಲಿ ಬ್ರಹ್ಮಗಿರಿಯ ಗೋರಿಗಳು ಸುಮಾರು ಕ್ರಿ.ಪೂ. 200ರಿಂದ ಕ್ರಿ.ಶ. 1ನೇ ಶತಮಾನದ ನಡು. ಆ ಲೆಕ್ಕ ತೀರಾ ಈಚೆಗಾಯ್ತು. 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರಾ ದಂಡೆಯ ಹಳ್ಳೂರಿನಲ್ಲಿ ಅಗೆದಾಗ ಕಬ್ಬಿಣದ ಪದರಕ್ಕೆ ಕಾರ್ಬನ್ ಕಾಲ ಸುಮಾರು ಕ್ರಿ.ಪೂ. 1000 ಅಂತ ಬಂತು. ಈಗ ಈ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. 1200ರ ಆಸುಪಾಸಿಗೆ ಒಯ್ಯುತ್ತಾರೆ. ಅಂದರೆ ಈಜಿಪ್ಟಿನಲ್ಲಿ ರಾಮ್ಸೆಸ್ ದೊರೆಗಳು ರಾಜರ ಕಣಿವೆಯಲ್ಲಿ ಗೋರಿ ಕೊರೆಸುತ್ತಿದ್ದ ಕಾಲ. ಧಾರವಾಡದ ಅ. ಸುಂದರ ಅವರು ಉತ್ತರ ಕರ್ನಾಟಕದ ಕಲ್ಮನೆ ಗೋರಿಗಳನ್ನು ಊರೂರು ತಿರುಗಿ ನೋಡಿ 1975ರಲ್ಲಿ ಪುಸ್ತಕವೇ ತಂದರು. ಟೇಲರ್‌ನ ಬರಹಗಳನ್ನು 1941ರಲ್ಲಿ ಹೈದರಾಬಾದಿನ ಪುರಾತತ್ವ ಇಲಾಖೆ ಒಟ್ಟಿಗೆ ಮುದ್ರಿಸಿತ್ತು.

ಇನ್ನು, ಈ ಗೋರಿಗಳು ಯಾರವು? ಇದೇ ನನ್ನನ್ನು ಹೆಚ್ಚು ಕಾಡಿದ್ದು.

ಟೇಲರ್ 1862ರಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಗೆ ಒಪ್ಪಿಸಿದ ಪ್ರಬಂಧದ ಹೆಸರಿನಲ್ಲೇ ಉತ್ತರ ಕೊಟ್ಟುಬಿಟ್ಟಿದ್ದಾನೆ: ದಖನ್ನಿನಲ್ಲಿರುವ ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಸ್ಮಾರಕಗಳು. ಅವನ ಕಣ್ಣಿಗೆ ಇವು ಇಂಗ್ಲೆಂಡು, ಬ್ರಿಟನಿಯ ಕಲ್ಲುಗೋರಿಗಳ ಹಾಗೇ ಕಂಡವು. ನೋಡೋಕೆ ಹೋಲುತ್ತವೆ, ನಿಜ. ಹಾಗಾಗಿ ಕಟ್ಟಿದವರೂ ಆ ಕಡೆಯಿಂದಲೇ ಬಂದ ಜನ ಇರಬೇಕು ಅಂದ. ಪದರ ಪದರ ಸರಿಯಾಗಿ ಬರೆದವನು ಇಲ್ಲಿ ಜಾರಿದ. ನಗಬೇಡಿ, ಪೆಟ್ರಿಯೂ ಇದೇ ತಪ್ಪು ಮಾಡಿದ. ನಕಾದಾದ ಮಡಕೆ ಫರೋಗಳ ಕಾಲದ ಮಡಕೆಯ ಹಾಗಿಲ್ಲ ಅಂತ, ಇವರು ಹೊರಗಿಂದ ನುಗ್ಗಿ ಬಂದ 'ಹೊಸ ಜನಾಂಗ' ಅಂತ ಘೋಷಿಸಿದ. ಅಲ್ಲ, ಇವರು ಫರೋಗಳಿಗಿಂತ ಮುಂಚಿನ ಈಜಿಪ್ಟಿನವರೇ ಅಂತ ಫ್ರಾನ್ಸಿನ ಜಾಕ್ ದ ಮಾರ್ಗನ್ 1896ರಲ್ಲೇ ಹೇಳಿದ. ಕೆಲವೇ ವರ್ಷಗಳಲ್ಲಿ ಪೆಟ್ರಿ ಒಪ್ಪಿಕೊಂಡ.

ಸಾಹೇಬರನ್ನು ಬಿಡಿ, ನಾವೇನು ಹೇಳುತ್ತಾ ಬಂದೆವು? ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ ನೂರಾರು ಕಲ್ಮನೆಗಳಿವೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಸುತ್ತಲಿನ ಜನ ಅದನ್ನು ಕರೆಯೋದು ಮೋರೇರ ಗುಡ್ಡ ಅಂತ. ಮೋರೇರು ಅಂದ್ರೆ ಗಿಡ್ಡ ಜನ, ಹಿಂದೆ ಇದ್ದರು, ಈಗಿಲ್ಲ. ಸುರಪುರ ಸೀಮೆಯಲ್ಲಿ ಟೇಲರ್ ಕೂಡ ಇದೇ ಕಥೆ ಕೇಳಿ ಬರೆದುಕೊಂಡಿದ್ದಾನೆ. ಅವನಿಗೆ ಸಿಥಿಯನ್ನರು, ನಮಗೆ ಕುಳ್ಳರು. ಒಟ್ಟಿನಲ್ಲಿ ನಮ್ಮವರಲ್ಲ.

ನಮ್ಮವರು ಅಂತ ಸಾಬೀತು ಮಾಡೋಕೆ ನಾನು ಹೊರಟಿಲ್ಲ. ಮೂರು ಸಾವಿರ ವರ್ಷ ಅಂದ್ರೆ ಎಷ್ಟು ಜನ ಬಂದು ಹೋಗಿರುತ್ತಾರೆ. ಆದರೆ ಅದೇ ಎರೆಭೂಮಿಯಲ್ಲಿ, ಅದೇ ಮಳೆ ನಂಬಿ, ದನ ಕಾಯ್ದು, ಸತ್ತವರಿಗೆ ಗಡಿಗೆಯಲ್ಲಿ ಬುತ್ತಿ ಕಟ್ಟಿಟ್ಟ ಜನ. ನಾವು ಎಳ್ಳಮಾಸಿಗೆ ಗಡಿಗೆ ಬುತ್ತಿ ಹೊತ್ತು ಅದೇ ಹೊಲಕ್ಕೆ ಹೋಗ್ತೀವಿ. ಆ ಕಲ್ಲಿನ ಸುತ್ತ ಬಳಸಿ ಹೋಗುತ್ತಿದ್ದ ಅಜ್ಜನಿಗೆ ಸಿಥಿಯನ್ ಗೊತ್ತಿಲ್ಲ, ಮೋರೇರ ಕಥೆಯನ್ನೂ ಅವನು ನನಗೆ ಹೇಳಿದ್ದಿಲ್ಲ. ಕುಂಟಿ ಹೊಡೆಯಬಾರದು ಅಂತ ಮಾತ್ರ ಗೊತ್ತಿತ್ತು.

ಕಾಕಾನನ್ನು ಬೈಯೋ ಹಕ್ಕು ನನಗಿಲ್ಲ. ಆ ಜಾಗದಲ್ಲಿ ಈಗ ಎಷ್ಟು ಸಾಲು ತೊಗರಿ ಬರುತ್ತೆ ಅಂತ ಅವನಿಗೆ ಲೆಕ್ಕ ಇದೆ, ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದೂ ಅದೇ ತೊಗರಿ. ವಿಭೂತಿಹಳ್ಳಿಯ ಕಲ್ಲಿನ ಸಾಲಿಗೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆ ಇದೆ. ಹೆಸರಿಲ್ಲದ ಹೊಲದ ಮೂಲೆಯ ಉಂಗುರಕ್ಕೆ ಬೋರ್ಡು ಹಾಕೋರು ಯಾರು? ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನು, ಬೆಂಗಳೂರಿನಲ್ಲಿ ಕೂತು ರಾತ್ರಿಯೆಲ್ಲ ಟುಟಾಂಖಾಮುನ್ ಓದುತ್ತಿದ್ದೆ.

ಮಾರನೇ ದಿನ ಬೆಳಿಗ್ಗೆ ಒಬ್ಬನೇ ಹೊಲಕ್ಕೆ ಹೋದೆ. ಬಾವಿ ಕಟ್ಟೆಯಲ್ಲಿ ಆ ಕಲ್ಲುಗಳನ್ನು ಗುರುತು ಹಿಡಿಯಬಹುದು, ಉಳಿದವುಗಳಿಗಿಂತ ದೊಡ್ಡವು, ಒಂದು ಮೈ ನುಣುಪು. ಹನ್ನೊಂದು ಎಣಿಸಿದೆ. ಒಡ್ಡಿನ ಮಗ್ಗುಲಲ್ಲಿ ಇನ್ನೂ ಮೂರು ಕಲ್ಲು ಅಲುಗದೆ ಕೂತಿವೆ, ಬಾಗಿದ ಸಾಲಿನಲ್ಲಿ. ಟೇಪು ಹಿಡಿದು ಮೂರರ ನಡುವಿನ ಅಂತರ ಅಳೆದೆ. ಮೂರು ಬಿಂದು ಸಿಕ್ಕರೆ ವೃತ್ತ ಸಿಗುತ್ತೆ, ಪಿಯುಸಿ ಗಣಿತ. ಲೆಕ್ಕ ಹಾಕಿದರೆ ಅಡ್ಡಳತೆ ಹೆಚ್ಚುಕಡಿಮೆ ಎಂಟು ಮೀಟರ್ ಬಂತು. ತೊಗರಿ ಬೇರಿನ ಹತ್ತಿರ ಬೆರಳಗಲದ ಒಂದು ಚೂರು ಸಿಕ್ಕಿತು, ಒಳಗೆ ಕಪ್ಪು, ಹೊರಗೆ ಕೆಂಪು. ಫೋಟೋ ತೆಗೆದು, ಸಿಕ್ಕ ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಂಡು, ಚೂರನ್ನು ಅಲ್ಲೇ ಬಿಟ್ಟು ಬಂದೆ. ಜೇಬಿಗೆ ಹಾಕಿಕೊಳ್ಳೋಕೆ ಕೈ ಮುಂದಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕಾಕಾನಿಗೆ ಫೋನ್ ಮಾಡಿ ಆ ಮೂರು ಕಲ್ಲು ಮಾತ್ರ ಕೀಳಬೇಡ್ರಿ ಅಂದೆ. "ಅವು ಒಡ್ಡಿಗಿ ಆಸರ ಅದಾವ, ನಾ ಯಾಕ ಕೀಳ್ಲಿ" ಅಂದ. ಸದ್ಯ ಅಷ್ಟೇ ಸಾಕು ನನಗೆ. ನಿಮ್ಮ ಊರ ಕಡೆ, ಹೊಲದಲ್ಲೋ ಗುಡ್ಡದ ಬುಡದಲ್ಲೋ, ಇಂಥ ಉಂಗುರ ಕಂಡಿದ್ದರೆ ಅಗೆಯೋಕೆ ಹೋಗಬೇಡಿ, ಫೋಟೋ ತೆಗೆದು ಊರು, ಜಾಗ, ಅಳತೆ ಬರೆದಿಡಿ. ಕೆಳಗೆ ಕಾಮೆಂಟಿನಲ್ಲಿ ಹಾಕಿದರೆ ನಾನೂ ಒಂದೊಂದು ಚೀಟಿ ಮಾಡಿ ಇಟ್ಟುಕೊಳ್ತೀನಿ. ನಂಬರ್ 30ರಿಂದ ಶುರು.